ಹಂಡೆಗೆ ಕಲಾಯಿ ಹಾಕಿಸಿದ ವರ್ಷ

ಮೊನ್ನೆ ಮೊಮ್ಮಗಳು ಒಂದು ಡಬ್ಬಿ ಲಡ್ಡು ತಂದಳು. ಇಪ್ಪೆ ಹೂವಿನ ಲಡ್ಡುವಂತೆ. ಕಾಡಿನ ಹೂವು, ರಕ್ತಕ್ಕೆ ಒಳ್ಳೆಯದು, ಸಕ್ಕರೆ ಹಾಕಿಲ್ಲ ಎಂದು ಡಬ್ಬಿಯ ಮೇಲಿದ್ದದ್ದನ್ನೆಲ್ಲ ಓದಿ ಹೇಳಿದಳು. ನಾನು ಮುಚ್ಚಳ ತೆಗೆದು ಮೂಸಿದೆ. ಮತ್ತೆ ಮೂಸಿದೆ. "ಅಜ್ಜಾ, ಅದು ಮೂಸೂದಲ್ಲರಿ, ತಿನ್ನೂದು" ಎಂದು ಅವಳು ನಕ್ಕಳು. ನನ್ನ ಅವ್ವ ಬದುಕಿದ್ದರೆ ಆ ಡಬ್ಬಿಯನ್ನು ಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಒಣಗಿದ ಇಪ್ಪೆ ಹೂವಿಗೆ ಹಳೆಯ ದ್ರಾಕ್ಷಿಯ ಹಾಗೆ, ಸ್ವಲ್ಪ ಬೆವರಿನ ಹಾಗೆ ಒಂದು ವಾಸನೆ ಇರುತ್ತದೆ. ಅದರ ನಡುವೆ ನಾನು ಸುಮಾರು ಒಂದು ವರ್ಷ ಕೂತು ಬರೆದಿದ್ದೇನೆ. ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು.

ಆಗ ನಾನು ಔರಾದ ತಹಸೀಲಿನಲ್ಲಿ ನಕಲು ಬರೆಯುವ ಹಂಗಾಮಿ ಗುಮಾಸ್ತ. ಹೈದರಾಬಾದ್ ರಾಜ್ಯ ಮೂರು ಪಾಲಾಗಿ ನಮ್ಮ ಪಾಲು ಮೈಸೂರಿಗೆ ಬಂದಾಗ ದಫ್ತರುಗಳಲ್ಲಿ ದೊಡ್ಡ ಪಜೀತಿಯಾಯಿತು. ಉರ್ದು ಬಲ್ಲವರಿಗೆ ಕನ್ನಡ ಬರೆಯಲು ಬಾರದು, ಕನ್ನಡ ಬಲ್ಲವರಿಗೆ ಉರ್ದು ಕಡತ ಓದಲು ಬಾರದು. ನಾನು ನಿಜಾಮರ ಕಾಲದ ಉರ್ದು ಸಾಲಿಯಲ್ಲಿ ಕಲಿತವನು. ಕನ್ನಡವನ್ನು ಮನೆಯಲ್ಲಿ ಅವ್ವನಿಂದ, ಚರ್ಚಿನ ಪಾಠಗಳಿಂದ ಕಲಿತಿದ್ದೆ. ಎರಡೂ ಬರುತ್ತಿದ್ದ ನಮ್ಮಂಥವರಿಗೆ ಒಮ್ಮೆಲೇ ಕೋಡು ಮೂಡಿದವು. ನನ್ನನ್ನು ಭಾಲ್ಕಿಯ ಸರಕಾರಿ ಭಟ್ಟಿಗೆ ಹಾಕಿದರು. ಭಟ್ಟಿ ಎಂದರೆ ಸರಾಯಿ ಇಳಿಸುವ ಜಾಗ. ಅಲ್ಲಿಯ ಉರ್ದು ದಾಖಲೆಗಳನ್ನೆಲ್ಲ ಕನ್ನಡಕ್ಕೆ ಇಳಿಸುವುದು ನನ್ನ ಕೆಲಸ.

ನಮ್ಮದು ಮಿಷನ್ ಚರ್ಚಿನ ಮನೆ. ಅವ್ವ ಬೀದರದ ದವಾಖಾನೆಯಲ್ಲಿ ನರ್ಸು. ಸುದ್ದಿ ಕೇಳಿ ಎರಡು ದಿನ ನನ್ನ ಸಂಗಡ ಮಾತಾಡಲಿಲ್ಲ. ಮೂರನೆಯ ದಿನ ಬೈಬಲ್ ತಂದು ನನ್ನ ಕೈಯನ್ನು ಅದರ ಮೇಲೆ ಇಡಿಸಿದಳು.

"ಬರಿಯೂ ಕೆಲಸ ಬರಿ. ನಾಲಿಗಿಗೆ ಒಂದ ಹನಿ ತಾಕಿತಂದ್ರ ಈ ಮನಿ ಬಾಗಲಾ ತುಳಿಬ್ಯಾಡ."

ಆಣೆ ಮಾಡಿ ರೈಲು ಹತ್ತಿದೆ.

ಭಟ್ಟಿ ಇದ್ದದ್ದು ಭಾಲ್ಕಿಯ ಹೊರಗೆ, ಖಟಕ ಚಿಂಚೋಳಿಗೆ ಹೋಗುವ ದಾರಿಯ ಬಲಕ್ಕೆ. ಒಂದು ಉದ್ದನೆಯ ಕಲ್ಲಿನ ಕೋಣೆ, ಅದರ ಹಿಂದೆ ಒಂದು ಸಿಹಿನೀರಿನ ಬಾವಿ, ಮುಂದೆ ಜಾಲಿ ಕಟ್ಟಿಗೆಯ ಒಟ್ಟಿಲು. ಒಳಗೆ ಗೋಡೆಗೆ ಸಾಲಾಗಿ ನೆಲದಲ್ಲಿ ಅರ್ಧ ಹುಗಿದ ಮಣ್ಣಿನ ಹರವಿಗಳು. ರೈಲಿನಲ್ಲಿ ಬಂದ ಒಣ ಇಪ್ಪೆ ಹೂವನ್ನು, ಅಲ್ಲಿಯವರ ಮಾತಿನಲ್ಲಿ ಮೊಹದ ಹೂವನ್ನು, ಹರವಿಗಳಲ್ಲಿ ನೆನೆಹಾಕುತ್ತಿದ್ದರು. ಹೂವು ಹುಳಿ ಹಿಡಿದು, ನೊರೆ ಎದ್ದು, ನೊರೆ ಇಳಿದ ಮೇಲೆ ಆ ನೀರು ಹಂಡೆಗೆ ಹೋಗುತ್ತಿತ್ತು. ಹಂಡೆ ತಾಮ್ರದ್ದು, ಒಬ್ಬ ಆಳು ಒಳಗೆ ಇಳಿದು ಕೂರಬಹುದಾದಷ್ಟು ದೊಡ್ಡದು. ಅದರ ಮೇಲೆ ತಾಮ್ರದ್ದೇ ಟೊಪ್ಪಿಗೆ, ಟೊಪ್ಪಿಗೆಯಿಂದ ಹೊರಟು ನೀರಿನ ತೊಟ್ಟಿಯೊಳಗೆ ಮುಳುಗಿ ಹಾಯುವ ಕೊಳವೆ. ಟೊಪ್ಪಿಗೆಯ ಎಡಕ್ಕೆ ಅಂಗೈ ಅಗಲದ ಒಂದು ತಗ್ಗು ಬಿದ್ದಿತ್ತು.

ಇದಕ್ಕೆಲ್ಲ ಯಜಮಾನ ಮಾಣಿಕಪ್ಪ ಉಸ್ತಾದ. ವಯಸ್ಸು ಅರವತ್ತರ ಆಚೆ ಈಚೆ. ಒಣಕಲು ಮೈ, ಮಂಡಿಯವರೆಗೆ ಧೋತರ, ತಲೆಗೆ ಹಳೆಯ ರುಮಾಲು. ಕನ್ನಡ, ದಖ್ಖನಿ, ಮರಾಠಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವರು, ಆದರೆ ಯಾವ ಅಕ್ಷರವೂ ಬಾರದು. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ಕುಡೀತೀಯೇನು?"

"ಇಲ್ಲರಿ. ಅವ್ವಗ ಆಣಿ ಮಾಡೇನಿ."

"ನಾನೂ ಕುಡಿಯೂದಿಲ್ಲ. ಕುಡಿಯವ ಈ ಕೆಲಸ ಮಾಡಿದ್ರ ಹಂಡಿ ಅವನ್ನ ಕುಡೀತದ. ಆದ್ರ ಆಣಿ ನಾಲಿಗೀಗೆ ಅಲ್ಲೇನು, ಮೂಗಿಗಿಲ್ಲಲ್ಲ? ಬಾ ಮುನಶಿ."

ಅಂದಿನಿಂದ ನಾನು ಮುನಶಿಯಾದೆ. ಕೊಳವೆಯಿಂದ ಹನಿ ಬೀಳತೊಡಗಿದಾಗ ಅವರು ನನ್ನ ಅಂಗೈ ಮೇಲೆ ನಾಲ್ಕು ಹನಿ ಹಾಕಿ, ಎರಡೂ ಕೈ ತಿಕ್ಕಿಸಿ ಮೂಸಿಸುತ್ತಿದ್ದರು. ಮೊದಲು ಬರುವುದು ಮೂಗಿಗೆ ಚುಚ್ಚುತ್ತದೆ; ಅದು ಕಣ್ಣು ಕಳೆಯುವ ಮಾಲು ಎಂದು ಬೂದಿಗೆ ಸುರಿಯುತ್ತಿದ್ದರು. ಕಡೆಗೆ ಬರುವುದು ಒದ್ದೆ ಅರಿವೆಯ ಹಾಗೆ ನಾರುತ್ತದೆ. ಅದನ್ನು ಮುಂದಿನ ಹಂಡೆಗೆ ಮರಳಿ ಹಾಕುತ್ತಿದ್ದರು. ನಡುವಿನದು ಮಾತ್ರ ಪೀಪಾಯಿಗೆ. ಎಲ್ಲಿ ಮೊದಲಿನದು ಮುಗಿದು ನಡುವಿನದು ಸುರುವಾಯಿತು ಎನ್ನುವುದನ್ನು ಅವರು ಗಡಿಯಾರ ನೋಡದೆ, ಮಾಪಿನ ಕಡ್ಡಿ ಅದ್ದದೆ, ಬರೀ ಅಂಗೈ ಮೂಸಿ ಹೇಳುತ್ತಿದ್ದರು. ನಾನು ಸರಕಾರದ ಮಾಪು ಹಚ್ಚಿ ಅವರ ತಪ್ಪು ಹಿಡಿಯಬೇಕೆಂದು ಒಂದು ತಿಂಗಳು ಹಠ ಹಿಡಿದೆ. ಒಮ್ಮೆಯೂ ಸಿಗಲಿಲ್ಲ. ನನ್ನ ಸೊಕ್ಕು ಆಗ ಸ್ವಲ್ಪ ಇಳಿಯಿತು. ಪೂರಾ ಇಳಿಯಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ಚಳಿ ಇಳಿದು ಬಿಸಿಲು ಏರುವ ಹೊತ್ತಿಗೆ ಮೈಸೂರು ಕಡೆಯ ಅಬಕಾರಿ ಅಧಿಕಾರಿಯೊಬ್ಬರು ಬಂದರು. ರಂಗಸ್ವಾಮಿ ಎಂದು ಹೆಸರು. ಕರಿ ಕೋಟು, ಮೆತ್ತನೆಯ ಮಾತು. ಅವರು ಮಾತಾಡುವಾಗ ನಮ್ಮ ಆಳುಗಳು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಬೈಯುವಾಗಲೂ ಹಾಡಿನ ಹಾಗೆ ಕೇಳುತ್ತದೆ ಎಂದು ಆಳುಗಳ ತಕರಾರು. ರಂಗಸ್ವಾಮಿಯವರ ಕೋಟಿನ ಜೇಬಿನಲ್ಲಿ ಒಂದು ಸಣ್ಣ ಇಂಗ್ಲಿಷ್ ಪುಸ್ತಿಕೆ ಇತ್ತು. ಸ್ಕಾಟ್ಲೆಂಡಿನ ಒಂದು ವಿಸ್ಕಿ ಭಟ್ಟಿಯದು. ಆ ಭಟ್ಟಿ ಯಾವ ಹಳ್ಳದ ದಂಡೆಯ ಮೇಲೆ ಇದೆ, ಯಾರ ಅಜ್ಜ ಕಟ್ಟಿದ, ಎಷ್ಟು ಸಲ ಮುಚ್ಚಿ ಎಷ್ಟು ಸಲ ತೆರೆಯಿತು, ಮೊಳಕೆ ಬಂದ ಬಾರ್ಲಿಯನ್ನು ಯಾವ ಹೊಗೆಯಲ್ಲಿ ಒಣಗಿಸುತ್ತಾರೆ, ಅದರ ವಿಸ್ಕಿ ನಾಲಿಗೆಯ ಮೇಲೆ ಮೊದಲು ಏನು, ಆಮೇಲೆ ಏನು ಎಂದೆಲ್ಲ ಅದರಲ್ಲಿ ಇತ್ತಂತೆ. ಬೇವಿನ ನೆರಳಲ್ಲಿ ಕೂತು ಅವರು ಓದಿ ಹೇಳಿದರು, ನಾನು ಉಸ್ತಾದರಿಗೆ ನಮ್ಮ ಮಾತಿನಲ್ಲಿ ಹೇಳಿದೆ.

"ಅಲ್ಲಿ ಹಳೇ ಹಂಡೆ ಸವೆದು ಹೊಸದು ಮಾಡಿಸೋವಾಗ, ಹಳೇದರಲ್ಲಿ ಎಲ್ಲೆಲ್ಲಿ ತಗ್ಗಿತ್ತೋ ಹೊಸದರಲ್ಲೂ ಅಲ್ಲಲ್ಲೇ ತಗ್ಗು ಹೊಡೆಸ್ತಾರಂತೆ. ಇಲ್ಲದಿದ್ರೆ ರುಚಿ ಬದಲಾಗುತ್ತೇನೋ ಅಂತ ಭಯ" ಎಂದರು ರಂಗಸ್ವಾಮಿ.

ಉಸ್ತಾದರು ತಮ್ಮ ಟೊಪ್ಪಿಗೆಯ ತಗ್ಗಿನ ಮೇಲೆ ಕೈಯಾಡಿಸಿದರು. "ಇದು ನಮ್ಮಪ್ಪ ಬಂಡಿಯಿಂದ ಇಳಿಸೂ ಮುಂದ ಬಿದ್ದದ್ದರಿ. ನಾವೂ ತಗಸಿಲ್ಲ. ಹಂಗಾದ್ರ ಅವರೂ ಶಾಣ್ಯಾರ ಅದಾರ."

ರಂಗಸ್ವಾಮಿಯವರಿಗೆ ಬಹಳ ಖುಷಿಯಾಯಿತು. ಹೊಸ ಸರಕಾರ ಇಂಥ ಸಣ್ಣ ಭಟ್ಟಿಗಳಲ್ಲಿ ಕೆಲವನ್ನು ಮಾತ್ರ ಉಳಿಸಿ ಉಳಿದದ್ದನ್ನು ಮುಚ್ಚುವುದಿತ್ತು. ಯಾವುದನ್ನು ಉಳಿಸಬೇಕು ಎಂದು ಒಂದು ಕಮಿಟಿ ಬಂದು, ಮಾಲಿನ ನಮೂನೆ ತೆಗೆದು, ಪರೀಕ್ಷಿಸಿ ಹೇಳುವುದಿತ್ತು. "ಇದನ್ನ ಉಳಿಸಬೇಕು ಅಂತ ನನ್ನ ಆಸೆ. ಪ್ರಭುದಾಸ್, ನೀವು ಇದರ ಚರಿತ್ರೆ ಬರೀರಿ. ಇದರ ಮಾಲಿನ ಗುಣ ಏನು ಅನ್ನೋದನ್ನೂ ಬರೀರಿ, ಈ ಪುಸ್ತಿಕೆ ಥರ. ನಮೂನೆ ಚೆನ್ನಾಗಿದ್ರೆ ಮಿಕ್ಕದ್ದು ನನಗೆ ಬಿಡಿ" ಎಂದರು. ಹೊರಡುವ ಮುಂಚೆ ಟೊಪ್ಪಿಗೆ ತೆಗೆಸಿ ಹಂಡೆಯೊಳಗೆ ಬ್ಯಾಟರಿ ಬಿಟ್ಟು ನೋಡಿದರು. "ಕತ್ತಿನ ಹತ್ರ ಕಿಲುಬು ಕಟ್ಟಿದೆ ಕಣ್ರೀ. ಕಮಿಟಿ ಬರೋ ಹೊತ್ತಿಗೆ ಚೊಕ್ಕಟವಾಗಿರಲಿ."

"ಹುಣಸೀಹಣ್ಣ ಹಚ್ಚಿ ತೊಳಸ್ತೇನ್ರಿ ಸಾಹೇಬರ" ಎಂದರು ಉಸ್ತಾದರು.

ಉಸ್ತಾದರಿಗೆ ಈ ಭಟ್ಟಿ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ ಎಂದಲ್ಲ. ಮೆಹಕರದಲ್ಲಿ ಅಣ್ಣನ ಜೊತೆ ಪಾಲಿನ ಹೊಲ ಇತ್ತು. ಆದರೆ ಅವರ ಅಜ್ಜ ಹಚ್ಚಿದ ಒಲೆ ಅದು. ಗುತ್ತೇದಾರ ಬದಲಾದ, ರಾಜ್ಯ ಬದಲಾಯಿತು, ಒಲೆಯ ಮುಂದೆ ಕೂತ ಮನೆತನ ಬದಲಾಗಿರಲಿಲ್ಲ. "ನಾ ಇದ್ದಾಗ ಆರಬಾರದು ನೋಡು ಮುನಶಿ. ಆಮ್ಯಾಲಿಂದು ಆಮ್ಯಾಲ" ಎನ್ನುತ್ತಿದ್ದರು.

ಚರಿತ್ರೆ ಸುಲಭವಾಗಿತ್ತು. ಉಸ್ತಾದರು ಹೇಳಿದರು, ನಾನು ಬರೆದೆ. ಗುಣ ಬರೆಯುವುದೇ ಕಷ್ಟವಾಯಿತು. ಕುಡಿಯದ ಮುನಶಿ, ಕುಡಿಯದ ಉಸ್ತಾದ. ಆಳುಗಳನ್ನು ಕೇಳಿದರೆ "ಜೋರ್ ಅದರಿ" ಎನ್ನುವುದರ ಆಚೆ ಮಾತು ಹೋಗುತ್ತಿರಲಿಲ್ಲ. ಕಡೆಗೆ ಉಸ್ತಾದರೇ ಅಂಗೈ ತಿಕ್ಕಿ, ಕಣ್ಣು ಮುಚ್ಚಿ, ಒಂದೊಂದಾಗಿ ಹೇಳಿದರು.

"ಮೊದಲ ಮೊಹದ ಹೂವಿನ ವಾಸನಿ ಬರಬೇಕು, ಗಿಡದ ಕೆಳಗ ನಸಿಕಿನ್ಯಾಗ ಬಿದ್ದದ್ದು ಇರ್ತದಲ್ಲ, ಹಂತಾದು. ಆಮ್ಯಾಲ ಬೆಲ್ಲ ಕುದಿಯೂದು. ಕಡೀಕ ಜ್ವಾಳದ ರೊಟ್ಟಿ ಹಂಚಿನ ಮ್ಯಾಲ ಚೂರು ಹೊತ್ತಿರ್ತದ ನೋಡು, ಅದು. ಮೂರೂ ಬಂದ್ರ ಅದು ನಮ್ಮ ಭಟ್ಟೀದು. ಒಂದ ಕಮ್ಮಿ ಬಿದ್ರ ಯಾರದೋ."

ನಾನೂ ಅಂಗೈ ಮೂಸಿದೆ. ಮೂರೂ ಇದ್ದವು. ಅಷ್ಟು ದಿನ ನನಗೆ ಬರೀ ಸರಾಯಿಯ ವಾಸನೆಯಾಗಿದ್ದದ್ದು ಅಂದು ಮೂರು ಪದರಾಗಿ ಬಿಚ್ಚಿಕೊಂಡಿತು. ಅದನ್ನು ಆದಷ್ಟು ಒಳ್ಳೆಯ ಕನ್ನಡದಲ್ಲಿ ಬರೆದೆ. ನನ್ನ ಜೀವನದಲ್ಲಿ ನಾನು ಬರೆದ ಮೊದಲ ಸ್ವಂತ ಮಾತು ಅದು. ಅಲ್ಲಿಯವರೆಗೆ ಬೇರೆಯವರದನ್ನು ನಕಲು ಮಾಡಿದ್ದೆ ಅಷ್ಟೆ.

ಕಮಿಟಿ ಬರುವ ಹತ್ತು ದಿನ ಮುಂಚೆ ಉಸ್ತಾದರಿಗೆ ಬೀದರದ ದಫ್ತರದಿಂದ ಕರೆ ಬಂತು. ಹಳೆಯ ಸೇವೆಯ ಕಾಗದಗಳನ್ನು ತೋರಿಸಿ ಹೊಸ ಸರಕಾರದ ಮೊಹರು ಹಾಕಿಸಿಕೊಳ್ಳಬೇಕಿತ್ತು. ಹೋಗುವಾಗ ಹರವಿಗಳಲ್ಲಿ ಹೂವು ನೆನೆಹಾಕಿಸಿ, "ಕಮಿಟಿ ಬರೂದ್ರಾಗ ಇದು ಪದಕ್ಕ ಬರ್ತದ. ನೀ ಹಂಡಿ ತೊಳಸಿ ಇಡು" ಎಂದು ನನಗೆ ಹೇಳಿ ಹೋದರು. ಎರಡು ದಿನದ ಕೆಲಸ ಎಂದು ಹೋದವರನ್ನು ದಫ್ತರದವರು ಇವತ್ತು ಬಾ ನಾಳೆ ಬಾ ಎಂದು ವಾರದ ಮೇಲೆ ಕೂರಿಸಿಕೊಂಡರು.

ನಾನು ಹಂಡೆ ತೊಳೆಸಿದೆ. ಹುಣಸೆಹಣ್ಣು ಹಚ್ಚಿ ಆಳುಗಳು ತಿಕ್ಕಿದರು, ತಾಮ್ರ ಕೆಂಪಗೆ ಬಂತು. ಅಲ್ಲಿಗೆ ಬಿಡಬೇಕಿತ್ತು. ಆದರೆ ನಮ್ಮ ಮನೆಗಳ ರೂಢಿ ನಿಮಗೆ ಗೊತ್ತಿರಬಹುದು. ತಾಮ್ರ ಹಿತ್ತಾಳೆಯ ಪಾತ್ರೆಗೆ ಒಳಗಡೆ ಕಲಾಯಿ ಇಲ್ಲದೆ ಅದರಲ್ಲಿ ಏನನ್ನೂ ಬೇಯಿಸುವುದಿಲ್ಲ. ಕಿಲುಬು ಹೊಟ್ಟೆಗೆ ಹೋದರೆ ವಿಷ. ಮದುವೆ ಬಂದರೆ, ಹಬ್ಬ ಬಂದರೆ, ದೊಡ್ಡವರು ಊಟಕ್ಕೆ ಬರುವವರಿದ್ದರೆ ಮೊದಲು ಕಲಾಯಿಗಾರನನ್ನು ಕರೆಸುತ್ತಾರೆ. ಕಿಲುಬು ಎಂದು ಅಧಿಕಾರಿ ಬಾಯಿಬಿಟ್ಟು ಹೇಳಿ ಹೋಗಿದ್ದಾರೆ, ಕಮಿಟಿ ಬರುತ್ತದೆ, ಇಷ್ಟು ವರ್ಷ ಈ ಹಂಡೆಗೆ ಯಾರೂ ಕಲಾಯಿ ಹಾಕಿಸಿಲ್ಲ. ಉಸ್ತಾದರ ಬಡತನವೋ ಆಲಸ್ಯವೋ ಎಂದುಕೊಂಡೆ. ಅವರು ಬಂದು ನೋಡಿದಾಗ ಮೂಗಿನ ಮೇಲೆ ಬೆರಳಿಡಬೇಕು ಎಂದು ಹುರುಪಿನಿಂದ ಭಾಲ್ಕಿ ಬಜಾರಕ್ಕೆ ಹೋಗಿ ಕಲಾಯಿಗಾರನನ್ನು ಕರೆತಂದೆ.

ಅವನು ಹಂಡೆ ನೋಡಿ, "ಉಸ್ತಾದರಿಗೆ ಕೇಳೀರೇನ್ರಿ?" ಎಂದ.

"ಸರಕಾರದ ಕೆಲಸ ಇದು. ನೀ ಹಾಕು" ಎಂದೆ.

ಎರಡು ದಿನ ಕೆಲಸ ನಡೆಯಿತು. ಹಂಡೆ ಕಾಯಿಸಿ, ನವಸಾಗರ ಚೆಲ್ಲಿ, ತವರದ ಕಡ್ಡಿ ತಾಗಿಸಿ, ಅರಳೆಯಿಂದ ಒರೆಸಿದರು. ಬಿಳಿ ಹೊಗೆ ದಾರಿಯವರೆಗೆ ಹೋಯಿತು. ಹಂಡೆ, ಟೊಪ್ಪಿಗೆ ಎರಡೂ ಒಳಗಡೆ ಬೆಳ್ಳಿಯ ಹಾಗೆ ಹೊಳೆದವು. ಆಳುಗಳು ಇಣುಕಿ ತಮ್ಮ ಮುಖ ನೋಡಿಕೊಂಡರು. ನಾನಂತೂ ದಿನಕ್ಕೆ ನಾಲ್ಕು ಸಲ ಇಣುಕಿದೆ.

ಕಮಿಟಿ ಬರುವ ಹಿಂದಿನ ದಿನ ಬೆಳಿಗ್ಗೆಯ ರೈಲಿಗೆ ಉಸ್ತಾದರು ಬಂದರು. ಕಾಗದಕ್ಕೆ ಮೊಹರು ಬಿದ್ದಿತ್ತು, ಮುಖ ಅರಳಿತ್ತು. ನಾನು ಅವರನ್ನು ಹಂಡೆಯ ಬಳಿ ಕರೆದುಕೊಂಡು ಹೋಗಿ ಟೊಪ್ಪಿಗೆ ತೆಗೆದೆ. ಅವರು ಒಳಗೆ ನೋಡಿದರು. ಕೈ ಹಾಕಿ ಮುಟ್ಟಿದರು.

"ಯಾರು ಮಾಡ್ಸಿದ್ದು?"

"ನಾನರಿ. ಚೊಲೊ ಆಗೇದಲ್ಲರಿ?"

ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನೆಲಕ್ಕೆ ಕೂತು ಹೇಳಿದರು: "ಹುಳಿ ಬಂದ ಹೂವಿನ ನೀರಿನಾಗ ಒಂದ ನಾತ ಇರ್ತದ ಮುನಶಿ. ತಾಮ್ರ ಬರೇ ಮೈಲೆ ಇದ್ರ ಆ ನಾತ ತಿಂತದ. ನೀ ಅದಕ್ಕ ಅಂಗಿ ತೊಡಿಸಿದಿ. ಈಗ ಅದು ಹ್ಯಾಂಗ ತಿನ್ನಬೇಕು?"

ನಮ್ಮ ಅಡುಗೆಮನೆಯ ವಿಷ ಇಲ್ಲಿ ಔಷಧವಾಗಿತ್ತು. ಅದನ್ನು ಯಾರೂ ನನಗೆ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಇಟ್ಟಿಗೆಯ ಪುಡಿ, ಮರಳು, ಹುಣಸೆಹಣ್ಣು ತಂದು ಎಲ್ಲರೂ ಹಂಡೆಗೆ ಇಳಿದು ತಿಕ್ಕಿದೆವು. ಒಳ್ಳೆಯ ಕಲಾಯಿಗಾರನ ಕೆಲಸ, ಗೀರು ಬಿದ್ದವೇ ಹೊರತು ಬಿಡಲಿಲ್ಲ. ನನ್ನ ಉಗುರಿನಲ್ಲಿ ರಕ್ತ ಬಂತು. ಕಮಿಟಿಗೆ ದಿನ ಮುಂದೂಡಲು ಹೇಳೋಣ ಎಂದೆ. "ಅವರು ಹೊಂಟಾರ. ಹೂವು ಪದಕ್ಕ ಬಂದದ. ಎರಡೂ ನಿಲ್ಲೂದಿಲ್ಲ" ಎಂದರು ಉಸ್ತಾದರು.

ಮರುದಿನ ಕಮಿಟಿಯ ಮೂವರು ಬಂದರು. ರಂಗಸ್ವಾಮಿ ಉತ್ಸಾಹದಿಂದ ನಾನು ಬರೆದ ಚರಿತ್ರೆಯನ್ನೂ ಗುಣವನ್ನೂ ಉಳಿದಿಬ್ಬರಿಗೆ ಓದಿ ತೋರಿಸಿದರು. ಒಲೆ ಉರಿಯಿತು, ಹನಿ ಬಿತ್ತು. ಉಸ್ತಾದರು ಎಂದಿನ ಹಾಗೆಯೇ ಮೊದಲಿನದನ್ನು ಬೂದಿಗೆ ಚೆಲ್ಲಿ, ನಡುವಿನದನ್ನು ಗಾಜಿನ ಲೋಟಕ್ಕೆ ಹಿಡಿದು ಕೊಟ್ಟರು. ರಂಗಸ್ವಾಮಿ ಮೂಸಿದರು. ಅವರ ಮುಖ ಇಳಿಯಿತು. ಹಿರಿಯ ಸದಸ್ಯರು ಲೋಟವನ್ನು ಮೂಗಿನ ತನಕವೂ ಒಯ್ಯಲಿಲ್ಲ. ಕೊಳೆತ ತತ್ತಿಯ ನಾತ ಅಷ್ಟು ದೂರಕ್ಕೇ ಬರುತ್ತಿತ್ತು. ರಂಗಸ್ವಾಮಿ ಬೆಂಕಿ ತಗ್ಗಿಸಿ, ಟೊಪ್ಪಿಗೆ ಬಿಚ್ಚಿಸಿ, ಬ್ಯಾಟರಿ ಬಿಟ್ಟರು.

"ಕಲಾಯಿ! ಯಾರ್ರೀ ಹಾಕಿಸಿದ್ದು ಇದಕ್ಕೆ?"

ನಾನು ಬಾಯಿ ತೆರೆದೆ. ಉಸ್ತಾದರು ಅದಕ್ಕಿಂತ ಮುಂಚೆ ಹೇಳಿಬಿಟ್ಟರು: "ನಾನರಿ ಸಾಹೇಬರ. ತಪ್ಪಾತು." ಆಮೇಲೆ ನನ್ನ ಕಡೆ ನೋಡದೆ, "ಮುನಶಿ, ಸಾಹೇಬರಿಗೆ ಬಾವಿ ನೀರ ತಗೊಂಡ ಬಾ" ಎಂದರು.

ನಾನು ನೀರು ತರಲು ಹೋದೆ. ಆ ತಿಂಗಳೇ ಹಂಗಾಮಿ ಗುಮಾಸ್ತರಲ್ಲಿ ಯಾರು ಕಾಯಂ ಎಂಬ ಪಟ್ಟಿ ಬರುವುದಿತ್ತು, ಅದು ಉಸ್ತಾದರಿಗೂ ಗೊತ್ತಿತ್ತು. ಬಾವಿಗೆ ಹೋಗಿ ಬರಲು ಎಷ್ಟು ಹೊತ್ತು? ಬಂದ ಮೇಲೂ ಹೇಳಬಹುದಿತ್ತು. ಹೇಳಲಿಲ್ಲ. ಹೆದರಿದೆ, ಅಷ್ಟೆ. ಅದಕ್ಕೆ ಬೇರೆ ಚಂದದ ಹೆಸರು ಹುಡುಕಿ ಇಷ್ಟು ವರ್ಷದಲ್ಲಿ ಸಿಕ್ಕಿಲ್ಲ. ಉಸ್ತಾದರು ಒಲೆ ಆರಿಸಲು ಹಿಂದಕ್ಕೆ ಹೋದರು. ಹಿರಿಯ ಸದಸ್ಯರು ವರದಿ ಹೇಳುತ್ತ ಹೋದರು, ನಾನು ದುಂಡಗಿನ ಕನ್ನಡ ಅಕ್ಷರಗಳಲ್ಲಿ ಬರೆಯುತ್ತ ಹೋದೆ. ರಂಗಸ್ವಾಮಿ ಹೊರಗೆ ಬೇವಿನ ಕೆಳಗೆ ಒಬ್ಬರೇ ನಿಂತಿದ್ದರು.

ಮುಂಗಾರು ಬಿದ್ದು ಹೊಲಗಳಲ್ಲಿ ಹೆಸರುಕಾಳು ಮೊಳೆತ ಹೊತ್ತಿಗೆ ಹುಕುಂ ಬಂತು. ಅದೇ ಟಪ್ಪಾಲಿನಲ್ಲಿ ನಾನು ಕಾಯಂ ಆದ ಕಾಗದವೂ ಬಂತು. ಉಸ್ತಾದರು ಆರಿದ ಒಲೆಯ ಕಟ್ಟೆಯ ಮೇಲೆ ಕೂತಿದ್ದರು. "ಓದು" ಎಂದರು.

ಹುಕುಂ ಇದ್ದದ್ದು ಎರಡೇ ಸಾಲು. ನನಗೆ ಅದನ್ನು ಓದಲು ಆಗಲಿಲ್ಲ. ಕಾಗದ ಎದುರಿಗೆ ಹಿಡಿದುಕೊಂಡು ನಾನೇ ಕಟ್ಟಿ ಹೇಳತೊಡಗಿದೆ. ಮೂರು ತಲೆಮಾರು ಈ ಭಟ್ಟಿ ನಡೆಸಿದ ಮಾಣಿಕಪ್ಪ ಉಸ್ತಾದರ ಸೇವೆಯನ್ನು ಸರಕಾರ ಮನಗಂಡಿದೆ, ಇವರ ಮಾಲಿನಂಥ ಮಾಲು ಸುತ್ತ ಎಲ್ಲಿಯೂ ಇಲ್ಲ, ಆದರೆ ಈಗ ದೊಡ್ಡ ಯಂತ್ರಗಳು ಬಂದಿರುವುದರಿಂದ ಸಣ್ಣ ಭಟ್ಟಿಗಳನ್ನೆಲ್ಲ ಮುಚ್ಚಬೇಕಾಗಿದೆ, ಸರಕಾರಕ್ಕೆ ಇದರಿಂದ ದುಃಖವಾಗಿದೆ. ಒಂದು ವರ್ಷ ಸಾವಿರಾರು ಸಾಲುಗಳನ್ನು ಒಂದು ಮಾತು ಹೆಚ್ಚಿಸದೆ ಕಡಿಮೆ ಮಾಡದೆ ಭಾಷಾಂತರ ಮಾಡಿದವನು ನಾನು.

ಉಸ್ತಾದರು ಕಣ್ಣು ಮುಚ್ಚಿ ಪೂರಾ ಕೇಳಿದರು. ಆಮೇಲೆ ಕಾಗದ ಇಸಿದುಕೊಂಡು ಆ ಎರಡು ಸಾಲು ನೋಡಿ, ಹಿಂದೆ ತಿರುಗಿಸಿ ನೋಡಿ, ನನಗೆ ಮರಳಿ ಕೊಟ್ಟರು.

"ಚೊಲೊ ಓದಿದಿ. ಈಗ ಬರ್ದದ್ದು ಓದು."

ಓದಿದೆ. ಮುಖ್ಯ ಭಟ್ಟಿಗಾರನಿಗೆ ಕೆಲಸದ ತಿಳುವಳಿಕೆ ಇಲ್ಲದ ಕಾರಣ ಹಂಡೆ ಕೆಟ್ಟು, ಮಾಲು ಕುಡಿಯಲು ಯೋಗ್ಯವಲ್ಲದ್ದಾಗಿದೆ. ಭಟ್ಟಿಯನ್ನು ಮುಚ್ಚತಕ್ಕದ್ದು.

ಭಟ್ಟಿ ಮುಚ್ಚುತ್ತದೆ ಎನ್ನುವುದು ಉಸ್ತಾದರಿಗೆ ಅಂದೇ ಗೊತ್ತಿತ್ತು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಅವರಿಗೆ ಚುಚ್ಚಿದ್ದು ಬೇರೆ.

"ತಪ್ಪು ಮಾಡ್ದಾ ಅಂತ ಬರೀತಾರ ಅನ್ಕೊಂಡಿದ್ದೆ. ತಪ್ಪು ಯಾರಿಗಾರ ಆಗ್ತದ. ಕೆಲಸಾನೇ ತಿಳಿಯೂದಿಲ್ಲ ಅಂತ ಬರ್ದಾರಲ್ಲೋ." ಆಮೇಲೆ ಕೇಳಿದರು: "ಅವತ್ತ ಆ ಕಮಿಟಿ ಕಾಗದದಾಗ ಈ ಮಾತ ಬರ್ದಾವ ಯಾರು?"

"ನಾನರಿ" ಎಂದೆ.

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಮೆಹಕರದ ದಾರಿ ಹಿಡಿದರು. ನಾನು ಕರೆಯಲಿಲ್ಲ, ಅವರು ತಿರುಗಲಿಲ್ಲ. ಆಮೇಲೆ ಅವರನ್ನು ನಾನು ಕಾಣಲಿಲ್ಲ. ಹಂಡೆಯನ್ನು ಹಳೆಯ ತಾಮ್ರವೆಂದು ಕತ್ತರಿಸಿ ಒಯ್ದರು. ನಾನು ಮೂವತ್ತೈದು ವರ್ಷ ಸರಕಾರದ ಕನ್ನಡ ಬರೆದು ನಿವೃತ್ತನಾದೆ. ಆ ಕಮಿಟಿ ಕಾಗದ ಬೀದರದ ಯಾವುದೋ ಗಂಟಿನಲ್ಲಿ ಇನ್ನೂ ಇರಬಹುದು, ಯಾರಾದರೂ ತೆಗೆದು ಓದಿದರೆ ಅದನ್ನೇ ನಿಜವೆಂದು ತಿಳಿಯುತ್ತಾರೆ. ಅದಕ್ಕೇ ಇದನ್ನು ಬರೆದೆ. ಹಂಡೆಗೆ ಕಲಾಯಿ ಹಾಕಿಸಿದವನು ನಾನು. ಮಾಣಿಕಪ್ಪ ಉಸ್ತಾದರಿಗೆ ಕೆಲಸ ತಿಳಿದಿತ್ತು.